ಮಿಶಿಗನ್ ನೋ-ಫಾಲ್ಟ್ ಕಾರ್ ಇನ್ಶೂರೆನ್ಸ್ ರಿವ್ಯೂ: ಮೈಗೆ ಒಳ್ಳೇದು, ಕಾರಿಗೆ ಅಷ್ಟಕ್ಕಷ್ಟೇ

ಮಿಶಿಗನ್‌ಗೆ ಹೊಸದಾಗಿ ಬರೋ ನಮ್ಮವರು ಮೊದಲು ಕೇಳೋದು ಚಳಿ ಬಗ್ಗೆ, ಆಮೇಲೆ ಕಾರ್ ಇನ್ಶೂರೆನ್ಸ್ ಕೋಟ್ ಬಂದ್ಮೇಲೆ ಚಳಿ ಮರ್ತೇ ಹೋಗತ್ತೆ. ಪಕ್ಕದ ಓಹಾಯೋದಿಂದ ಅದೇ ಕಾರು, ಅದೇ ಡ್ರೈವರು ಇಲ್ಲಿಗೆ ಶಿಫ್ಟ್ ಆದ್ರೂ ಪ್ರೀಮಿಯಂ ಎಗರತ್ತೆ, ಯಾಕಪ್ಪಾ ಅಂತ ಏಜೆಂಟ್‌ನ ಕೇಳಿದ್ರೆ ಇದು ನೋ-ಫಾಲ್ಟ್ ಸ್ಟೇಟ್ ಅಂತ ಹೇಳಿ ಮುಂದಿನ ಪ್ರಶ್ನೆಗೆ ಹೋಗ್ಬಿಡ್ತಾರೆ. ನಾನು ಡೆಟ್ರಾಯಿಟ್ ಹತ್ರ ನೋವೈ ಕಡೆ ಇರೋದು, ಎರಡು ಕಾರು, ನಾನು ಹೆಂಡತಿ ಇಬ್ರೂ ಓಡಿಸ್ತೀವಿ, ಒಂದು ಕ್ಲೇಮ್ ಪೂರ್ತಿ ಅನುಭವಿಸಿದ್ದೂ ಆಗಿದೆ. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಇಲ್ಲಿ ಅರ್ಧ ವಿಷಯ ಕಂಪನಿದಲ್ಲ, ಕಾನೂನಿಂದು. ಯಾವ ಕಂಪನಿಗೆ ಹೋದ್ರೂ ನೀವು ತಗೊಳ್ಳೋ ಸಾಮಾನು ಹೆಚ್ಚುಕಮ್ಮಿ ಒಂದೇ.

ಮೊದಲು ಇದು ಕೆಲಸ ಮಾಡೋ ರೀತಿ. ನಮ್ಮೂರಲ್ಲಿ ಆಕ್ಸಿಡೆಂಟ್ ಆಗಿ ಪೆಟ್ಟಾದ್ರೆ ಎದುರು ಗಾಡಿಯವನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೇಲೆ ಎಂವಿಸಿ ಕೇಸ್ ಹಾಕಿ, ತಪ್ಪು ಯಾರದ್ದು ಅಂತ ಟ್ರಿಬ್ಯುನಲ್‌ನಲ್ಲಿ ಸಾಬೀತಾಗೋವರೆಗೂ ಆಸ್ಪತ್ರೆ ಬಿಲ್ ನಾವೇ ಕಟ್ಕೊಂಡು ಕಾಯ್ಬೇಕು. (ನಮ್ಮಲ್ಲೂ ಮೋಟಾರ್ ವೆಹಿಕಲ್ಸ್ ಆಕ್ಟ್ ಸೆಕ್ಷನ್ 164ರಲ್ಲಿ ತಪ್ಪು ಯಾರದ್ದು ಅಂತ ಕೇಳ್ದೆ ಸತ್ತವರ ಮನೆಯವರಿಗೆ 5 ಲಕ್ಷ, ತೀವ್ರ ಗಾಯ ಆದವರಿಗೆ 2.5 ಲಕ್ಷ ರೂಪಾಯಿ ಕೊಡೋ ದಾರಿ ಇದೆ, ಆದ್ರೆ ದೊಡ್ಡ ಮೊತ್ತ ಬೇಕಂದ್ರೆ ಮತ್ತೆ ಅದೇ ಕೇಸು.) ಇಲ್ಲಿ ಹಾಗಲ್ಲ. ಗುದ್ದಿದ್ದು ಯಾರೇ ಆಗ್ಲಿ, ನಿಮ್ಮ ಗಾಯದ ಖರ್ಚು ನಿಮ್ಮ ಇನ್ಶೂರೆನ್ಸೇ ಕೊಡತ್ತೆ, ಅವರದ್ದು ಅವರ ಇನ್ಶೂರೆನ್ಸ್ ಕೊಡತ್ತೆ. ಈ ಭಾಗಕ್ಕೆ ಪಿಐಪಿ ಅಂತಾರೆ, ಪರ್ಸನಲ್ ಇಂಜುರಿ ಪ್ರೊಟೆಕ್ಷನ್. ಇದಕ್ಕೆ ಬದಲಾಗಿ ನೀವು ಬಿಟ್ಟುಕೊಡೋದು ಏನಂದ್ರೆ ಸಣ್ಣಪುಟ್ಟ ಗಾಯಕ್ಕೆಲ್ಲ ನೋವು ಸಂಕಟದ ಪರಿಹಾರ ಬೇಕು ಅಂತ ಎದುರಿನವರ ಮೇಲೆ ಕೇಸ್ ಹಾಕೋ ಹಕ್ಕು. ಸಾವು, ದೇಹದ ಮುಖ್ಯ ಕೆಲಸಕ್ಕೇ ಗಂಭೀರ ತೊಂದ್ರೆ, ಇಲ್ಲಾ ಶಾಶ್ವತವಾಗಿ ರೂಪ ಕೆಡೋ ಅಷ್ಟು ಗಾಯ, ಇವುಗಳಲ್ಲಿ ಒಂದು ಇದ್ರೆ ಮಾತ್ರ ಆ ಥರದ ಕೇಸು.

ಅಮೆರಿಕದಲ್ಲಿ ಇದನ್ನ ಮೊದಲು ಜಾರಿಗೆ ತಂದಿದ್ದು ಮ್ಯಾಸಚೂಸೆಟ್ಸ್, 1971ರಲ್ಲಿ. ಮಿಶಿಗನ್ ಕಾನೂನು 1972ರದ್ದು, ಜಾರಿಯಾಗಿದ್ದು 1973ರ ಅಕ್ಟೋಬರ್‌ನಲ್ಲಿ. ಈಗ ಹನ್ನೆರಡು ರಾಜ್ಯದಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ, ಆದ್ರೆ ಎಲ್ಲಾ ಕಡೆ ಒಂದೇ ಅಂದ್ಕೋಬೇಡಿ. ನ್ಯೂಯಾರ್ಕ್‌ನಲ್ಲಿ ಕಡ್ಡಾಯ ಪಿಐಪಿ 50,000 ಡಾಲರ್, ಯೂಟಾದಲ್ಲಿ ಬರೀ 3,000, ಅಲ್ಲಿ ಒಂದು ಆಂಬುಲೆನ್ಸು ಒಂದು ಸ್ಕ್ಯಾನ್ ಆದ್ರೆ ಮುಗೀತು. ಮಿಶಿಗನ್ ಮಾತ್ರ 2020ರವರೆಗೆ ಎಲ್ಲರಿಗೂ ಅನ್‌ಲಿಮಿಟೆಡ್, ಬದುಕಿರೋವರೆಗೂ. ಬೆನ್ನುಹುರಿಗೆ ಪೆಟ್ಟಾಗಿ ವ್ಹೀಲ್‌ಚೇರ್ ಸೇರಿದವರಿಗೆ ಮನೆಗೆ ರ‍್ಯಾಂಪ್ ಕಟ್ಟೋದು, ವ್ಯಾನ್ ಮಾರ್ಪಾಡು ಮಾಡೋದು, ನೋಡ್ಕೊಳ್ಳೋಕೆ ನರ್ಸು, ಎಲ್ಲಾ ಸೇರಿ. ಕೊನೆಕೊನೆಗೆ ದೇಶದಲ್ಲಿ ಬೇರೆ ಯಾವ ರಾಜ್ಯದಲ್ಲೂ ಇದು ಉಳಿದಿರಲಿಲ್ಲ. ಆದ್ರೆ ಆಸ್ಪತ್ರೆಗಳು ಆಟೋ (ಅಂದ್ರೆ ಕಾರಿನ) ಇನ್ಶೂರೆನ್ಸ್‌ಗೆ ಎಷ್ಟು ಬಿಲ್ ಹಾಕ್ಬೋದು ಅಂತ ಮಿತಿನೇ ಇರಲಿಲ್ಲ, ವಯಸ್ಸಾದವರ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಆದ ಮೆಡಿಕೇರ್‌ಗೆ ಹಾಕೋದಕ್ಕಿಂತ ಎಷ್ಟೋ ಪಟ್ಟು ಹಾಕ್ತಿದ್ರು, ಆ ದುಡ್ಡೆಲ್ಲ ನಮ್ಮ ಪ್ರೀಮಿಯಂನಿಂದಲೇ ತಾನೆ ಹೋಗೋದು.

ಪ್ರೀಮಿಯಂ ತಡೀಲಾರದೆ 2019ರಲ್ಲಿ ಕಾನೂನು ಬದಲಾಯಿಸಿದ್ರು. ಗವರ್ನರ್ ಗ್ರೆಚೆನ್ ವಿಟ್ಮರ್ ಮೇ 30ಕ್ಕೆ ಮ್ಯಾಕಿನಾ ಐಲ್ಯಾಂಡ್‌ನಲ್ಲಿ ಸಹಿ ಹಾಕಿದ್ದು. (ಕಾರೇ ಬಿಡದೇ ಇರೋ ದ್ವೀಪದಲ್ಲಿ ಕಾರ್ ಇನ್ಶೂರೆನ್ಸ್ ಕಾನೂನಿಗೆ ಸಹಿ, ನಗು ಬರತ್ತೆ.) 2020ರ ಜುಲೈನಿಂದ ಪಿಐಪಿಯಲ್ಲಿ ಆಯ್ಕೆ ಬಂತು: ಅನ್‌ಲಿಮಿಟೆಡ್, 5 ಲಕ್ಷ ಡಾಲರ್, 2.5 ಲಕ್ಷ ಡಾಲರ್, ಮೆಡಿಕೈಡ್ (ಕಮ್ಮಿ ಆದಾಯದವರ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್) ಇರೋರಿಗೆ 50,000, ಮೆಡಿಕೇರ್ ಇರೋರಿಗೆ ಬೇಕಾದ್ರೆ ಪಿಐಪಿ ಮೆಡಿಕಲ್ ಪೂರ್ತಿ ಬಿಡೋ ಅವಕಾಶ. ಒಳ್ಳೇ ಹೆಲ್ತ್ ಇನ್ಶೂರೆನ್ಸ್ ಇದ್ರೆ 2.5 ಲಕ್ಷದ್ದನ್ನ ತಗೊಂಡು ಮನೇಲಿ ಯಾರ್ಯಾರಿಗೆ ಆ ಹೆಲ್ತ್ ಇನ್ಶೂರೆನ್ಸ್ ಇದ್ಯೋ ಅವರನ್ನ ಪಿಐಪಿ ಮೆಡಿಕಲ್‌ನಿಂದ ಹೊರಗಿಡ್ಬೋದು. ಕಂಪನಿಗಳು ಪಿಐಪಿ ಭಾಗದ ದರವನ್ನ ಸರಾಸರಿ ಇಷ್ಟು ಇಳಿಸ್ಲೇಬೇಕು ಅಂತಲೂ ಕಾನೂನಲ್ಲಿ ಬರೆದ್ರು, ಅನ್‌ಲಿಮಿಟೆಡ್‌ಗೆ 10%, 5 ಲಕ್ಷಕ್ಕೆ 20%, 2.5 ಲಕ್ಷಕ್ಕೆ 35%, 50,000ಕ್ಕೆ 45%. ಗಮನಿಸಿ, ಇಳಿಕೆ ಪಿಐಪಿ ಸಾಲಿಗೆ ಮಾತ್ರ, ಇಡೀ ಬಿಲ್ಲಿಗಲ್ಲ. ಕೊಲಿಷನ್ (ನಿಮ್ಮ ಕಾರಿನ ರಿಪೇರಿ) ಸಾಲಲ್ಲಿ, ಲಯಬಿಲಿಟಿ (ನಿಮ್ಮ ತಪ್ಪಿಂದ ಬೇರೆಯವರಿಗಾದ ನಷ್ಟ) ಸಾಲಲ್ಲಿ ಅವರು ಏರಿಸ್ಕೊಂಡ್ರೆ ಒಟ್ಟು ಬಿಲ್ ಅಲ್ಲೇ ಇರತ್ತೆ, ಸುಮಾರು ಜನರಿಗೆ ಆಗಿದ್ದೂ ಅದೇ.

ಇನ್ನು ಎಂಸಿಸಿಎ ಫೀ ಅಂತ ಬಿಲ್ಲಲ್ಲಿ ಒಂದು ಸಾಲು ಇರತ್ತಲ್ಲ, ಅದು ಭಾರೀ ಗಾಯಗಳ ಕ್ಲೇಮ್‌ಗೆ ಅಂತ 1978ರಲ್ಲಿ ಮಾಡಿದ ಮಿಶಿಗನ್ ಕ್ಯಾಟಾಸ್ಟ್ರಾಫಿಕ್ ಕ್ಲೇಮ್ಸ್ ಅಸೋಸಿಯೇಷನ್‌ಗೆ ಹೋಗತ್ತೆ. 2019ರಲ್ಲಿ ಒಂದು ಕಾರಿಗೆ ವರ್ಷಕ್ಕೆ 220 ಡಾಲರ್ ಇತ್ತು, ಸುಧಾರಣೆ ಆದ್ಮೇಲೆ 100, ಆಮೇಲೆ 86, ಜತೆಗೆ 2022ರಲ್ಲಿ ಕಾರಿಗೆ 400 ಡಾಲರ್ ಚೆಕ್ ವಾಪಸ್ ಕೊಟ್ರು. ಎಲ್ರೂ ಖುಷಿ. ಮುಂದಿನ ವರ್ಷವೇ ಫಂಡ್‌ನಲ್ಲಿ ಕೊರತೆ ಅಂತ ಹೇಳಿ ಅನ್‌ಲಿಮಿಟೆಡ್ ಇರೋರಿಗೆ 122 ಮಾಡಿದ್ರು, ಅನ್‌ಲಿಮಿಟೆಡ್ ಬೇಡ ಅಂದೋರ ಮೇಲೂ 48 ಡಾಲರ್ ಹಾಕಿದ್ರು. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ಕೊಳ್ಳೋದು ಅಂದ್ರೆ ಇದೇ.

ಈಗ ನನ್ನ ಅನುಭವಕ್ಕೆ ಬರ್ತೀನಿ. ಹೆಂಡತಿ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಒಬ್ಬ ಪಿಕಪ್ ಟ್ರಕ್‌ನವನು ಬಂದು ಗುದ್ದಿದ, ತಪ್ಪು ನೂರಕ್ಕೆ ನೂರು ಅವನದೇ, ಪೊಲೀಸ್ ಟಿಕೆಟ್ಟೂ ಅವನಿಗೇ. ಕತ್ತು ಬೆನ್ನು ನೋವು, ಇಆರ್, ಆಮೇಲೆ ಫಿಸಿಕಲ್ ಥೆರಪಿ. ಇಲ್ಲಿ ನೋ-ಫಾಲ್ಟ್‌ಗೆ ಫುಲ್ ಮಾರ್ಕ್ಸ್. ಆಸ್ಪತ್ರೆ ಕೌಂಟರ್‌ನಲ್ಲಿ ಆಟೋ ಆಕ್ಸಿಡೆಂಟಾ ಅಂತ ಕೇಳಿ ಕ್ಲೇಮ್ ನಂಬರ್ ತಗೊಂಡ್ರು, ಗುದ್ದಿದವನು ಒಪ್ತಾನಾ, ಅವನ ಇನ್ಶೂರೆನ್ಸ್ ಎಷ್ಟಿದೆ, ಏನೂ ಬೇಕಾಗ್ಲಿಲ್ಲ. ಅವಳು ಕೆಲಸಕ್ಕೆ ಹೋಗೋಕಾಗದೇ ಇದ್ದಿದ್ದಕ್ಕೆ ವೇಜ್ ಲಾಸ್ ಬಂತು, ಕಾನೂನಿನ ಪ್ರಕಾರ ಸಂಬಳದ 85%, ಮೂರು ವರ್ಷದವರೆಗೆ. ತಿಂಗಳಿಗೆ ಇಷ್ಟೇ ಅಂತ ಮೇಲ್ಮಿತಿ ಇದೆ, ಹಾಗಾಗಿ ದೊಡ್ಡ ಸಂಬಳದವರಿಗೆ ಪೂರ್ತಿ 85% ಕೈಗೆ ಸಿಗಲ್ಲ. ಮನೆಗೆಲಸ ಮಾಡೋಕಾಗದೇ ಇದ್ರೆ ಬೇರೆಯವರ ಹತ್ರ ಮಾಡಿಸ್ಕೊಳ್ಳೋಕೆ ದಿನಕ್ಕೆ 20 ಡಾಲರ್ ಕೊಡ್ತಾರೆ. 1973ರಲ್ಲಿ ಇಟ್ಟ 20 ಡಾಲರ್ ಇವತ್ತಿಗೂ 20 ಡಾಲರೇ, ಈಗ ಆ ದುಡ್ಡಿಗೆ ಡ್ರೈವ್‌ವೇ ಹಿಮ ತೆಗೆಯೋಕೂ ಯಾರೂ ಬರಲ್ಲ.

ಬೇಜಾರಾಗಿದ್ದು ಬಿಲ್ಲಿಂಗ್‌ನಲ್ಲಿ. ನಮ್ಮದು ಕೋಆರ್ಡಿನೇಟೆಡ್ ಪಾಲಿಸಿ, ಅಂದ್ರೆ ಮೊದಲು ಹೆಲ್ತ್ ಇನ್ಶೂರೆನ್ಸ್ ಕೊಡಬೇಕು, ಉಳಿದಿದ್ದನ್ನ ಆಟೋ ಇನ್ಶೂರೆನ್ಸ್ ಕೊಡತ್ತೆ, ಇದರಿಂದ ಪ್ರೀಮಿಯಂ ಕಮ್ಮಿ ಆಗತ್ತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಹೆಲ್ತ್‌ನವರು ಇದು ಆಟೋ ಆಕ್ಸಿಡೆಂಟ್ ಅವರನ್ನ ಕೇಳಿ ಅಂತಾರೆ, ಆಟೋದವರು ಹೆಲ್ತ್‌ನವರ ರಿಜೆಕ್ಷನ್ ಪೇಪರ್ ತನ್ನಿ ಅಂತಾರೆ, ಥೆರಪಿಯವನು ಇಬ್ಬರಿಗೂ ಕಳಿಸಿ ಸುಸ್ತಾಗಿ ನಮಗೇ ಬಿಲ್ ಕಳಿಸ್ತಾನೆ, ಅಷ್ಟರಲ್ಲಿ ನಮ್ಮ ಕ್ಲೇಮ್ ನೋಡ್ಕೊಳ್ತಿದ್ದ ಅಡ್ಜಸ್ಟರ್ ಬದಲಾಗಿ ಹೊಸಬ್ರು ಬಂದು ಮೊದಲಿಂದ ಕಥೆ ಹೇಳಿ ಅಂತಾರೆ, ಒಂದು ಬಿಲ್ಲಂತೂ ಬಾಕಿ ವಸೂಲಿಯ ಕಲೆಕ್ಷನ್‌ವರೆಗೂ ಹೋಗಿ ಬಂತು. ಸರಿಯಾದ ದಾಖಲೆ ಕೈಸೇರಿ 30 ದಿನದೊಳಗೆ ದುಡ್ಡು ಕೊಡದಿದ್ರೆ 12% ಬಡ್ಡಿ ಕೊಡಬೇಕು ಅಂತ ಕಾನೂನಿದೆ, ಇದನ್ನ ಇಮೇಲಲ್ಲಿ ಮರ್ಯಾದೆಯಾಗಿ ಬರೆದ್ಮೇಲೆ ಕೆಲಸ ಸ್ವಲ್ಪ ಚುರುಕಾಯ್ತು. ಫೋನಲ್ಲಿ ಮಾತಾಡ್ಬೇಡಿ, ಎಲ್ಲಾ ಬರಹದಲ್ಲಿ ಇಟ್ಕೊಳ್ಳಿ. ಆಕ್ಸಿಡೆಂಟ್ ಆಗಿ ಒಂದು ವರ್ಷದೊಳಗೆ ಲಿಖಿತವಾಗಿ ತಿಳಿಸ್ಲೇಬೇಕು, ನೋವು ಆಮೇಲೆ ಜಾಸ್ತಿ ಆಯ್ತು ಅಂದ್ರೆ ಕೇಳಲ್ಲ, ಹಾಗಾಗಿ ಸಣ್ಣ ಪೆಟ್ಟಾದ್ರೂ ಕ್ಲೇಮ್ ಓಪನ್ ಮಾಡ್ಬಿಡಿ.

ಕಾರಿನ ಕಥೆ ಬೇರೆ, ಇಲ್ಲೇ ಹೊಸಬರಿಗೆಲ್ಲ ತಲೆ ಕೆಡೋದು. ಇಲ್ಲಿ ಕಾರಿನ ರಿಪೇರಿನೂ ನಿಮ್ಮದೇ ತಲೆನೋವು, ಗುದ್ದಿದವನದಲ್ಲ! ನಿಮ್ಮ ಹತ್ರ ಕೊಲಿಷನ್ ಕವರೇಜ್ ಇದ್ರೆ ನಿಮ್ಮ ಕಂಪನಿ ಮಾಡ್ಸತ್ತೆ. ಇಲ್ಲಾ ಅಂದ್ರೆ ಮಿನಿ-ಟಾರ್ಟ್ ಅಂತ ಒಂದು ದಾರಿ, ತಪ್ಪು ಮಾಡಿದವನ ಹತ್ರ ಗರಿಷ್ಠ 3,000 ಡಾಲರ್ ಕೇಳ್ಬೋದು, ಮೊದಲು 1,000 ಇತ್ತು, 2020ರಲ್ಲಿ ಏರಿಸಿದ್ರು. 12,000 ಡಾಲರ್ ಬೆಲೆಯ ಕಾರು ಪೂರ್ತಿ ಹೋದ್ರೂ ಅಷ್ಟೇ. ಹಳೇ ಕ್ಯಾಮ್ರಿಗೆ ಕೊಲಿಷನ್ ಯಾಕೆ, ಯಾರಾದ್ರೂ ಗುದ್ದಿದ್ರೆ ಅವರ ಇನ್ಶೂರೆನ್ಸ್ ಕೊಡತ್ತೆ ಅಂತ ಟೆಕ್ಸಸ್ ಲೆಕ್ಕದಲ್ಲಿ ಇರೋರು ದಯವಿಟ್ಟು ಈ ಪ್ಯಾರಾ ಇನ್ನೊಂದ್ಸಲ ಓದಿ.

ಕೊಲಿಷನ್‌ನಲ್ಲೂ ಮೂರು ಥರ ಇದೆ. ಲಿಮಿಟೆಡ್ ತಗೊಂಡ್ರೆ ನಿಮ್ಮ ತಪ್ಪು ಅರ್ಧಕ್ಕಿಂತ ಜಾಸ್ತಿ ಇದ್ದಾಗ ಒಂದು ಪೈಸೆ ಬರಲ್ಲ. ಸ್ಟಾಂಡರ್ಡ್ ತಗೊಂಡ್ರೆ ಯಾರ ತಪ್ಪಾದ್ರೂ ರಿಪೇರಿ ಆಗತ್ತೆ ಆದ್ರೆ ಡಿಡಕ್ಟಿಬಲ್, ಅಂದ್ರೆ ಬಿಲ್ಲಿನ ಮೊದಲ ಒಂದಷ್ಟು ದುಡ್ಡು, ಪ್ರತಿ ಸಲ ನೀವೇ ಕಟ್ಟಬೇಕು, ಕಟ್ಟಿ ಆಮೇಲೆ ಅದನ್ನ ಮಿನಿ-ಟಾರ್ಟ್‌ನಲ್ಲಿ ಎದುರಿನವನ ಹತ್ರ ವಸೂಲಿ ಮಾಡ್ಕೊಳ್ಳೋಕೆ ಓಡಾಡ್ಬೇಕು. ಬ್ರಾಡ್ ಫಾರ್ಮ್ ತಗೊಂಡ್ರೆ ನಿಮ್ಮ ತಪ್ಪು ಅರ್ಧ ಇಲ್ಲಾ ಅದಕ್ಕಿಂತ ಕಮ್ಮಿ ಇದ್ದಾಗ ಡಿಡಕ್ಟಿಬಲ್ ಮನ್ನಾ. ನಮ್ಮದು ಬ್ರಾಡ್ ಫಾರ್ಮ್ ಆಗಿತ್ತು, ಬಂಪರ್, ಟ್ರಂಕ್, ಸೆನ್ಸರ್ ಎಲ್ಲಾ ಜೇಬಿಂದ ಏನೂ ಹಾಕ್ದೆ ರಿಪೇರಿ ಆಯ್ತು. ಸ್ಟಾಂಡರ್ಡ್‌ಗಿಂತ ಬ್ರಾಡ್ ಫಾರ್ಮ್ ಸ್ವಲ್ಪ ಜಾಸ್ತಿ ಅಷ್ಟೇ, ಕೋಟ್ ಹಾಕೋ ವೆಬ್‌ಸೈಟ್‌ಗಳಲ್ಲಿ ಕಮ್ಮಿ ಕಾಣ್ಲಿ ಅಂತ ಸ್ಟಾಂಡರ್ಡ್‌ನ ಮೊದಲೇ ಟಿಕ್ ಮಾಡಿರ್ತಾರೆ, ನೋಡ್ಕೊಳ್ಳಿ. ರೆಂಟಲ್ ಕಾರ್ ಕವರ್ ಬೇರೆ ತಗೋಬೇಕು.

ಒಂದು ವಿನಾಯ್ತಿ ಇದೆ. ನಿಮ್ಮ ಕಾರು ಸರಿಯಾಗಿ ಪಾರ್ಕ್ ಆಗಿದ್ದಾಗ ಯಾರಾದ್ರೂ ಗುದ್ದಿದ್ರೆ, ಇಲ್ಲಾ ನಿಮ್ಮ ಮನೆ ಬೇಲಿ ಮುರಿದ್ರೆ, ಅವರ ಪಿಪಿಐ ಅನ್ನೋ ಕವರೇಜ್ ಪೂರ್ತಿ ಕೊಡತ್ತೆ, ಅದರ ಮಿತಿ 10 ಲಕ್ಷ ಡಾಲರ್. ಪಟೇಲ್ ಬ್ರದರ್ಸ್ ಅಂಗಡಿ ಪಾರ್ಕಿಂಗ್‌ನಲ್ಲಿ ಯಾರಾದ್ರೂ ಬಾಗಿಲು ಜಜ್ಜಿದ್ರೆ ಚೀಟಿ ಬರೆದು ಹೋಗ್ಲಿ ಅಂತ ದೇವರಲ್ಲಿ ಬೇಡ್ಕೊಳ್ಳಿ, ಚೀಟಿ ಇದ್ರೆ ದುಡ್ಡು ಗ್ಯಾರಂಟಿ.

ಜಿಂಕೆ ಗುದ್ದಿದ್ರೆ ಕಾರಿಗೆ ಕಳ್ಳತನ, ಪ್ರಾಣಿ ಇಂಥದ್ದಕ್ಕಿರೋ ಕಾಂಪ್ರಹೆನ್ಸಿವ್‌ನಲ್ಲಿ ಬರತ್ತೆ, ಮೈಗೆ ಪಿಐಪಿ. ಮಿಶಿಗನ್‌ನಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಜಿಂಕೆ ಆಕ್ಸಿಡೆಂಟ್ ಆಗ್ತವೆ, ಅಕ್ಟೋಬರ್ ನವೆಂಬರ್‌ನಲ್ಲಿ ಸಂಜೆ ಹೊತ್ತು ಅಂತೂ ಕೇಳ್ಬೇಡಿ. ನನಗೆ ನೋ-ಫಾಲ್ಟ್‌ನ ನಿಜವಾದ ಬೆಲೆ ಅನ್ಸೋದು ಇಂಥಲ್ಲೇ. ಜಿಂಕೆ ಮೇಲೆ ಕೇಸ್ ಹಾಕೋಕಾಗಲ್ಲ, ಬ್ಲಾಕ್ ಐಸ್ ಮೇಲೂ ಆಗಲ್ಲ. ಐ-96ನಲ್ಲಿ ಜಾರಿ ನಾನೇ ಹಳ್ಳಕ್ಕೆ ಬಿದ್ರೆ, ತಪ್ಪು ನೂರಕ್ಕೆ ನೂರು ನನ್ನದೇ ಆದ್ರೂ ನನ್ನ ಆಸ್ಪತ್ರೆ ಖರ್ಚು ಬರತ್ತೆ. ನೋ-ಫಾಲ್ಟ್ ಇಲ್ಲದ ರಾಜ್ಯದಲ್ಲಾದ್ರೆ ಸಾಮಾನ್ಯವಾಗಿ ಹೆಲ್ತ್ ಇನ್ಶೂರೆನ್ಸ್ ಇದ್ರೆ ಉಂಟು, ಇಲ್ಲಾಂದ್ರೆ ಇಲ್ಲ.

ಹಾಗಾದ್ರೆ ಎಷ್ಟರ ಪಿಐಪಿ ತಗೋಬೇಕು? ನಮಗೆ ಬಂದ ಕೋಟ್‌ನಲ್ಲಿ ಎರಡು ಕಾರಿಗೂ ಸೇರಿ ಅನ್‌ಲಿಮಿಟೆಡ್‌ಗೂ 2.5 ಲಕ್ಷಕ್ಕೂ ತಿಂಗಳಿಗೆ ಮೂವತ್ತು ಡಾಲರ್ ಆಸುಪಾಸು ವ್ಯತ್ಯಾಸ. ನಾನು ಅನ್‌ಲಿಮಿಟೆಡ್ ಅಂತೀನಿ, ಕಾರಣ ಇದೆ. 2.5 ಲಕ್ಷ ಡಾಲರ್ ಅಂದ್ರೆ ರೂಪಾಯಿ ಲೆಕ್ಕದಲ್ಲಿ ದೊಡ್ಡದಾಗಿ ಕಾಣತ್ತೆ, ಇಲ್ಲಿ ಐಸಿಯು, ಸರ್ಜರಿ, ರಿಹ್ಯಾಬ್ ಅಂತ ಶುರುವಾದ್ರೆ ಬೇಗ ಕರಗತ್ತೆ. ಹೆಲ್ತ್ ಇನ್ಶೂರೆನ್ಸ್ ಇದ್ಯಲ್ಲ ಅಂತೀರಾ, ಅದು ಡಾಕ್ಟರ್ ಖರ್ಚು ಕೊಡತ್ತೆ, ವರ್ಷಗಟ್ಟಲೆ ಮನೇಲಿ ನೋಡ್ಕೊಳ್ಳೋ ಆಳಿನ ಖರ್ಚು ಸಾಮಾನ್ಯವಾಗಿ ಕೊಡಲ್ಲ. ಎಚ್1ಬಿಯವರಿಗೆ ಇನ್ನೊಂದು ಸಮಸ್ಯೆ. ಹೆಲ್ತ್ ಇನ್ಶೂರೆನ್ಸ್ ತೋರಿಸಿ ಪಿಐಪಿ ಮೆಡಿಕಲ್‌ನಿಂದ ಹೊರಗುಳಿದೋರು ಲೇಆಫ್ ಆದ್ರೆ ಹೆಲ್ತ್ ಇನ್ಶೂರೆನ್ಸೂ ಹೋಗತ್ತೆ, ಆಗ 30 ದಿನದೊಳಗೆ ಪಿಐಪಿ ಮತ್ತೆ ಸೇರಿಸ್ಕೋಬೇಕು. ಕೆಲಸ ಹೋಗಿ ವೀಸಾ ಚಿಂತೆಲಿ ಇರೋನಿಗೆ ಇದೆಲ್ಲಿ ನೆನಪಾಗತ್ತೆ.

ಹೊರಗುಳಿಯೋಕೆ ಮುಂಚೆ ಎಚ್‌ಆರ್ ಹತ್ರ ಪತ್ರ ತಗೊಳ್ಳಿ, ನಿಮ್ಮ ಪ್ಲಾನ್ ಕಾರ್ ಆಕ್ಸಿಡೆಂಟ್ ಗಾಯ ಕವರ್ ಮಾಡತ್ತಾ, ಡಿಡಕ್ಟಿಬಲ್ ಕಾನೂನು ಹೇಳಿದ ಮಿತಿಯೊಳಗೆ ಇದ್ಯಾ ಅಂತ. ಕಂಪನಿಯೇ ಸ್ವಂತ ದುಡ್ಡಿಂದ ನಡೆಸೋ ಪ್ಲಾನ್‌ಗಳಲ್ಲಿ ಆಟೋ ಆಕ್ಸಿಡೆಂಟ್ ಹೊರಗಿಟ್ಟಿರೋದುಂಟು.

ಅನ್‌ಲಿಮಿಟೆಡ್ ಅಂದ್ರೂ ಮೊದಲಿನಂತೆ ಅಲ್ಲ, ಅದನ್ನೂ ಹೇಳ್ಬೇಕು. 2021ರ ಜುಲೈನಿಂದ ಆಸ್ಪತ್ರೆ ಬಿಲ್‌ಗೆ ಮೆಡಿಕೇರ್ ದರ ಆಧಾರ ಮಾಡಿ ಮಿತಿ ಹಾಕಿದ್ರು, ಮೆಡಿಕೇರ್‌ನಲ್ಲಿ ದರವೇ ಇಲ್ಲದ ಸೇವೆಗಳಿಗೆ 2019ರಲ್ಲಿ ತಗೊಳ್ತಿದ್ದಿದ್ದರ 55% ಮಾತ್ರ. ಮನೆಗೆ ಬಂದು ನೋಡ್ಕೊಳ್ಳೋ ಏಜೆನ್ಸಿಗಳಿಗೆ ಇದು ದೊಡ್ಡ ಹೊಡೆತ, ಸುಮಾರು ಜನ ರೋಗಿಗಳನ್ನ ಬಿಟ್ರು. ಮನೆಯವರೇ ನೋಡ್ಕೊಂಡ್ರೆ ವಾರಕ್ಕೆ 56 ಗಂಟೆಗೆ ಮಾತ್ರ ದುಡ್ಡು, ಇಪ್ಪತ್ನಾಲ್ಕು ಗಂಟೆ ಮಗನ ಪಕ್ಕ ಕೂರೋ ತಾಯಿಗೆ ಇದೆಂಥಾ ಲೆಕ್ಕ ಅಂತ ನನಗಂತೂ ಅರ್ಥ ಆಗಲ್ಲ. ಕೇಸ್ ಮಿಶಿಗನ್ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2023ರ ಜುಲೈನಲ್ಲಿ, ಕಾನೂನು ಬದಲಾಗೋಕೆ ಮುಂಚೆನೇ ಗಾಯ ಆದೋರಿಗೆ ಈ ಮಿತಿಗಳು ಅನ್ವಯ ಆಗಲ್ಲ ಅಂತ ತೀರ್ಪು ಬಂತು. ಆಮೇಲೆ ಗಾಯ ಆಗೋರಿಗೆ, ಅಂದ್ರೆ ನಮ್ಮ ನಿಮ್ಮಂಥೋರಿಗೆ, ಮಿತಿ ಇದೆ.

ಲಯಬಿಲಿಟಿಲಿ ಜಿಪುಣತನ ಬೇಡ. ಕಾನೂನಿನ ಡೀಫಾಲ್ಟ್ ಒಬ್ಬರಿಗೆ 2.5 ಲಕ್ಷ, ಒಂದು ಆಕ್ಸಿಡೆಂಟಿಗೆ 5 ಲಕ್ಷ ಡಾಲರ್, ಸಹಿ ಹಾಕಿದ್ರೆ 50,000 ಮತ್ತು 1 ಲಕ್ಷಕ್ಕೆ ಇಳಿಸ್ಬೋದು. ಇಳಿಸ್ಬೇಡಿ. ಯಾಕಂದ್ರೆ ಈಗ ಎದುರಿನವನು ಕಮ್ಮಿ ಪಿಐಪಿ ತಗೊಂಡಿದ್ದು, ನಿಮ್ಮ ತಪ್ಪಿಂದ ಅವನಿಗೆ ಪೆಟ್ಟಾದ್ರೆ, ಅವನ ಪಿಐಪಿ ಮುಗಿದ ಮೇಲಿನ ಆಸ್ಪತ್ರೆ ಖರ್ಚು ನಿಮ್ಮ ತಲೆ ಮೇಲೆ ಬರ್ಬೋದು. ಎಲ್ಲರಿಗೂ ಅನ್‌ಲಿಮಿಟೆಡ್ ಇದ್ದಾಗ ಈ ಭಯ ಇರಲಿಲ್ಲ.

ನಿಮ್ಮ ಕಾರಲ್ಲಿ ಕೂರೋ ಫ್ರೆಂಡ್ಸ್ ವಿಷಯನೂ ಬದಲಾಗಿದೆ. ಕಾರಿಲ್ಲದ ಸ್ಟೂಡೆಂಟ್ ಹುಡುಗ್ರನ್ನ ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಕೂರಿಸ್ಕೊಂಡು ಹೋಗ್ತೀವಲ್ಲ, ಏನಾದ್ರೂ ಆದ್ರೆ ಅವರಿಗೆ ನಮ್ಮ ಪಿಐಪಿ ಬರಲ್ಲ, ಅವರದ್ದೇ ಅಥವಾ ಜತೆಲಿರೋ ಮನೆಯವರ ಪಾಲಿಸಿ ಇಲ್ಲದಿದ್ರೆ ಅಂಥವರಿಗಂತಲೇ ಇರೋ ಅಸೈನ್ಡ್ ಕ್ಲೇಮ್ಸ್ ಪ್ಲಾನ್‌ಗೆ ಹೋಗ್ಬೇಕು, ಅದು ಸಾಮಾನ್ಯವಾಗಿ 2.5 ಲಕ್ಷಕ್ಕೆ ನಿಲ್ಲತ್ತೆ.

ಎಲ್ಲಕ್ಕಿಂತ ಮುಖ್ಯ ವಿಷಯ, ಯಾವ ಏಜೆಂಟೂ ತಾನಾಗೇ ಹೇಳಲ್ಲ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಅತ್ತೆ ಮಾವ ಬರ್ತಾರಲ್ಲ ವಿಸಿಟರ್ ವೀಸಾದಲ್ಲಿ, ಅವರಿಗೆ ಪಿಐಪಿ ಇಲ್ಲ. ನಿಮ್ಮದು ಅನ್‌ಲಿಮಿಟೆಡ್ ಇದ್ರೂ ಇಲ್ಲ. 2019ರ ತಿದ್ದುಪಡಿ ಪ್ರಕಾರ ಮಿಶಿಗನ್ ನಿವಾಸಿ ಅಲ್ಲದವರಿಗೆ, ಅವರ ಹೆಸರಲ್ಲೇ ಇಲ್ಲಿ ರಿಜಿಸ್ಟರ್ ಆಗಿ ಇನ್ಶೂರ್ ಆಗಿರೋ ಕಾರು ಇಲ್ಲದಿದ್ರೆ, ಈ ಬೆನಿಫಿಟ್ ಸಿಗಲ್ಲ. ತಪ್ಪು ಬೇರೆಯವರದ್ದಾಗಿ, ಗಾಯನೂ ಮೇಲೆ ಹೇಳಿದ ಗಂಭೀರ ಮಟ್ಟದ್ದಾದ್ರೆ ಮಾತ್ರ ಖರ್ಚಿಗೆ ಕೇಸ್ ಹಾಕೋ ದಾರಿ. ಗ್ರೀನ್ ಕಾರ್ಡ್ ತಗೊಂಡು ಇಲ್ಲೇ ನಿಮ್ಮ ಜತೆ ನೆಲೆಸಿರೋ ತಂದೆ ತಾಯಿ ವಿಷಯ ಬೇರೆ, ಅವರು ಮನೆಯವರ ಲೆಕ್ಕಕ್ಕೆ ಬರ್ತಾರೆ. ಬಂದು ಹೋಗೋರಿಗೆ ಒಳ್ಳೇ ವಿಸಿಟರ್ ಇನ್ಶೂರೆನ್ಸ್ ಬೇಕೇ ಬೇಕು, ಅದ್ರಲ್ಲೂ ಒಂದೊಂದು ಚಿಕಿತ್ಸೆಗೂ ಇಷ್ಟೇ ಅಂತ ಕೊಡೋ ಫಿಕ್ಸೆಡ್ ಬೆನಿಫಿಟ್ ಪ್ಲಾನ್ ಬೇಡ, ಕಾಂಪ್ರಹೆನ್ಸಿವ್ ಪ್ಲಾನ್ ತಗೊಂಡು ಆಟೋ ಆಕ್ಸಿಡೆಂಟ್ ಬಗ್ಗೆ ಅದರಲ್ಲಿ ಏನು ಬರೆದಿದೆ ಅಂತ ಓದಿ. ನಿಮ್ಮ ಆಟೋ ಕಂಪನಿ ಮೆಡ್-ಪೇ ಅಂತ ಆಸ್ಪತ್ರೆ ಖರ್ಚಿನ ಕವರ್ ಕೊಡತ್ತಾ, ಅದು ನಿಮ್ಮ ಕಾರಲ್ಲಿರೋ ವಿಸಿಟರ್‌ಗೆ ಬರತ್ತಾ ಅಂತ ಬರಹದಲ್ಲಿ ಕೇಳಿ. ಗ್ರ್ಯಾಂಡ್ ಕ್ಯಾನ್ಯನ್ ಟಿಕೆಟ್ ಬುಕ್ ಮಾಡೋ ಮುಂಚೆ ಇದನ್ನ ಮಾಡಿ.

ಬೆಲೆ ವಿಷಯದಲ್ಲಿ ಇನ್ನೊಂದು ಕಿರಿಕಿರಿ. ಲಿಂಗ, ಮದುವೆ, ಓದು, ಕೆಲಸ, ಸ್ವಂತ ಮನೆ ಇದ್ಯಾ, ಝಿಪ್ ಕೋಡ್, ಕ್ರೆಡಿಟ್ ಸ್ಕೋರ್, ಇವನ್ನ ನೋಡಿ ದರ ಹಾಕ್ಬಾರ್ದು ಅಂತ ಕಾನೂನು ಬಂದಿದೆ. ಆದ್ರೆ ಝಿಪ್ ಕೋಡ್ ಬದಲು ಟೆರಿಟರಿ ಅಂತಾರೆ, ಕ್ರೆಡಿಟ್ ಸ್ಕೋರ್ ಬದಲು ಕ್ರೆಡಿಟ್ ಮಾಹಿತಿಯಿಂದ ಮಾಡಿದ ಇನ್ಶೂರೆನ್ಸ್ ಸ್ಕೋರ್ ಅಂತಾರೆ. ಡೆಟ್ರಾಯಿಟ್ ಒಳಗಿರೋರು ಈಗ್ಲೂ ನಮ್ಮಂಥ ಸಬರ್ಬ್‌ನವರಿಗಿಂತ ಎಷ್ಟೋ ಜಾಸ್ತಿ ಕಟ್ತಾರೆ, ಊರಿಂದ ಈಗಷ್ಟೇ ಬಂದು ಕ್ರೆಡಿಟ್ ಹಿಸ್ಟರಿನೇ ಇಲ್ಲದವರಿಗೂ ದರ ಜಾಸ್ತಿ. ಅದಕ್ಕೇ ಮೊದಲ ಎರಡು ವರ್ಷ ಪ್ರತಿ ರಿನ್ಯೂವಲ್‌ಗೂ ಬೇರೆ ಕಡೆ ಕೋಟ್ ತಗೊಳ್ಳಿ. ಇಂಡಿಪೆಂಡೆಂಟ್ ಏಜೆಂಟ್ ಹತ್ರ ಹೋದ್ರೆ ಒಂದೇ ಸಲ ನಾಲ್ಕೈದು ಕಂಪನಿದು ಸಿಗತ್ತೆ, ಕೋಟ್ ಹೋಲಿಸುವಾಗ ಪಿಐಪಿ ಮಟ್ಟ, ಕೊಲಿಷನ್ ಥರ, ಲಯಬಿಲಿಟಿ ಮೂರೂ ಒಂದೇ ಇರೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಹೋಲಿಕೆಗೆ ಅರ್ಥ ಇಲ್ಲ.

ಸ್ಟಾರ್ ಕೊಡಿ ಅಂದ್ರೆ, ಗಾಯದ ಖರ್ಚಿನ ಭಾಗಕ್ಕೆ 5ಕ್ಕೆ 4, ಕಾರಿನ ಭಾಗಕ್ಕೆ 2, ಬೆಲೆಗೆ 2, ನಮ್ಮ ಕಂಪನಿಯ ಬಿಲ್ಲಿಂಗ್ ಡಿಪಾರ್ಟ್‌ಮೆಂಟ್‌ಗೆ 1, ಅದೂ ಕೊನೆಗೆ ದುಡ್ಡು ಕೊಟ್ರಲ್ಲ ಅಂತ. ಈ ರಿನ್ಯೂವಲ್‌ಗೆ ಅನ್‌ಲಿಮಿಟೆಡ್ ಪಿಐಪಿ, ಬ್ರಾಡ್ ಫಾರ್ಮ್, 2.5 ಲಕ್ಷ/5 ಲಕ್ಷದ ಲಯಬಿಲಿಟಿ ಎಲ್ಲಾ ಹಾಗೇ ಇಟ್ಕೊಂಡು ಕಂಪನಿ ಮಾತ್ರ ಬದಲಾಯಿಸ್ತಾ ಇದೀನಿ.